ತೆಂಕು ಮೂಲೆಯ ಲಕ್ಕಿ ಕೋಲುಗಳು

೧೯೪೬, ಮಾರ್ಚ್ ತಿಂಗಳ ಕೊನೆಯ ಆದಿತ್ಯವಾರ, ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ, ತೆಕ್ಕಟ್ಟೆಯಿಂದ ಮೂಡಲಿಗೆ ಗದ್ದೆಯ ಅಂಚಿನ ಮೇಲೆ ಮುಕ್ಕಾಲು ಗಂಟೆ ನಡೆದರೆ ಸಿಗುವ ನಮ್ಮೂರಿನ ಮದಗದ ದಂಡೆ. ಹಾಜರಿದ್ದವರು ಊರಿನ ಪಟೇಲರು, ಮದಗ ಕಾಯುವ ತಂಡದ ಇಪ್ಪತ್ತೇಳು ಜನ, ಮತ್ತು ತಂಡದ ಮುಖ್ಯಸ್ಥನಾಗಿದ್ದ ನಾನು. ಮದಗದ ಅಡಿಯನ್ನು ಬರಿಗಾಲಿನಿಂದ ಪರೀಕ್ಷಿಸುವವರು, ಕಾಲು ನೋಡುವ ಅಜ್ಜಿ, ಇನ್ನೂ ಬಂದಿರಲಿಲ್ಲ. ಅವರ ಹೆಸರಿನ ಮುಂದೆ 'ತಡ' ಎಂದು ಬರೆದೆ.

ಇಷ್ಟನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಆ ದಿನದ ಹಾಜರಿ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ಕೆಲವು ವರ್ಷಗಳ ಹಿಂದೆ ಊರಿನ ಶಾಲೆಯಲ್ಲಿ 'ಮದಗ ಉಳಿಸಿದ ಮಾಸ್ಟ್ರು' ಎಂದು ನನಗೆ ಶಾಲು ಹೊದೆಸಿದರು. ಆಗ ಈ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಜನ ಸಾಲಾಗಿ ಬಂದು ನೋಡಿದರು. ಅಕ್ಷರ ಎಷ್ಟು ದುಂಡಗಿದೆ ಎಂದರು. ಪೆಟ್ಟಿಗೆಯಲ್ಲಿ ತೆರೆದಿಟ್ಟಿದ್ದ ಪುಟ ಆ ಆದಿತ್ಯವಾರದ್ದೇ. ಅದರಲ್ಲಿ ನಾಲ್ಕು ಸಾಲು ಸುಳ್ಳು ಎಂದು ಅಂದು ಹೇಳಬೇಕಾಗಿತ್ತು. ಹೇಳದೆ ಶಾಲು ಮಡಚಿಕೊಂಡು ಮನೆಗೆ ಬಂದೆ.

ಆ ವರ್ಷ ನನಗೆ ಇಪ್ಪತ್ನಾಲ್ಕು ತುಂಬಿತ್ತು. ಶಿಕ್ಷಕರ ತರಬೇತಿ ಶಾಲೆಯ ಬೋರ್ಡಿಂಗಿನಲ್ಲಿ ಎರಡು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮಲಗಿ ಊರಿಗೆ ಮರಳಿದವನು. ಶಾಲೆಯ ಮೇಷ್ಟ್ರಾದ ಮೇಲೂ ಗಂಟೆ ಒಳಗೆ ಹೊಡೆಯುತ್ತಲೇ ಇತ್ತು. ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸದೆ ಹೊರಗೆ ಹೋದದ್ದಿಲ್ಲ. ಈಗಲೂ ಹೋಗುವುದಿಲ್ಲ.

ನಮ್ಮ ಕಡೆ ಮದಗವೆಂದರೆ ತಗ್ಗಿನಲ್ಲಿ ಮಳೆಯ ನೀರು ತಾನಾಗಿ ನಿಂತು ಆದ ದೊಡ್ಡ ಕೊಳ. ನಮ್ಮದಕ್ಕೆ ಮೂರು ಬದಿಯಲ್ಲಿ ಮುಂಡುಗದ ಪೊದೆ, ನಾಲ್ಕನೆಯ ಬದಿಯಲ್ಲಿ ಬೈಲು. ಬೈಲಿನವರು ಮಳೆಗಾಲದ ಬೆಳೆ, ಆಮೇಲೆ ಸುಗ್ಗಿ, ಅದಾದ ಮೇಲೆ ಬೇಸಗೆಯಲ್ಲಿ ಕೊಳಕೆ ಎಂದು ಮೂರು ಸಲ ಭತ್ತ ಬೆಳೆಯುತ್ತಿದ್ದದ್ದು ಈ ನೀರಿನಿಂದ. ಅಕ್ಕಿಗೆ ರೇಶನ್ ಇದ್ದ ಕಾಲ. ಕೊಳಕೆ ಬಂದ ಮನೆ ಮಳೆಗಾಲ ದಾಟುತ್ತಿತ್ತು, ಬಾರದ ಮನೆ ಗೆಣಸು ತಿನ್ನುತ್ತಿತ್ತು. ಮಾರ್ಚ್ ಕೊನೆಗೆ ಕೊಳಕೆಗೆ ಇನ್ನು ಎರಡು ಸಲ ನೀರು ಬಿಡುವುದು ಉಳಿದಿತ್ತು. ಬೈಲಿನ ಕಡೆಯ ಗದ್ದೆ, ಎಲ್ಲರಿಗೂ ಆದ ಮೇಲೆ ನೀರು ಮುಟ್ಟುವ ಗದ್ದೆ, ಕಾಲು ನೋಡುವ ಅಜ್ಜಿ ಗೇಣಿಗೆ ಮಾಡುತ್ತಿದ್ದದ್ದು.

ಮದಗದ ಅಡಿಯಲ್ಲಿ ಆವೆಮಣ್ಣಿತ್ತು. ಹಂಚು ಸುಡುವುದಕ್ಕೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಯುದ್ಧ ಮುಗಿದು ಎಲ್ಲೆಡೆ ಮನೆ ಕಟ್ಟುವ ಮಾತು ಎದ್ದಿತ್ತು. ಹೊಳೆಯ ದಡದ ಒಂದು ಹಂಚಿನ ಕಾರ್ಖಾನೆಯವರು ಸರಕಾರಕ್ಕೆ ಅರ್ಜಿ ಹಾಕಿದರು. ಈ ಮದಗ ಹೂಳು ತುಂಬಿ ಹಾಳುಬಿದ್ದಿದೆ, ಇದರಿಂದ ಯಾರಿಗೂ ಉಪಯೋಗವಿಲ್ಲ, ಮಣ್ಣು ತೆಗೆಯಲು ನಮಗೆ ಕೊಡಬೇಕು ಎಂದು. ಸುದ್ದಿ ತಿಳಿದ ವಾರವೇ ನಾವು ತಂಡ ಕಟ್ಟಿದೆವು. ಉತ್ತರದ ಅರ್ಜಿ ಬರೆದವನು ನಾನು. ಮದಗ ಹಾಳಾಗಿಲ್ಲ, ಊರಿನವರು ಪ್ರತಿವರ್ಷ ಹೂಳೆತ್ತಿ ಎಲ್ಲ ಕಡೆ ಸಮನಾಗಿ ನಾಲ್ಕು ಅಡಿ ಆಳ ಇಟ್ಟಿದ್ದಾರೆ ಎಂದು ಬರೆದೆ. 'ಎಲ್ಲ ಕಡೆ ಸಮನಾಗಿ' ಎಂದು ಬರೆಯುವಾಗ ಅದು ನಿಜವೇ ಎಂದು ಯಾರನ್ನೂ ಕೇಳಲಿಲ್ಲ. ಓದುವುದಕ್ಕೆ ಚೆನ್ನಾಗಿತ್ತು.

ರೆವೆನ್ಯೂ ಇನ್ಸ್‌ಪೆಕ್ಟರು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಥಳ ನೋಡಲು ಬರುತ್ತಾರೆಂದು ತಿಳಿಯಿತು. ನೀರಿದೆ, ಊರು ನೋಡಿಕೊಳ್ಳುತ್ತಿದೆ ಎಂದು ಅವರು ಬರೆದರೆ ಮದಗ ನಮ್ಮದು. ನೀರಿಲ್ಲ ಎಂದು ಬರೆದರೆ ಕಾರ್ಖಾನೆಯದು. ಹೂಳೆತ್ತುವ ಕೆಲಸ ಅದಕ್ಕೆ ಹಿಂದಿನ ಎರಡು ಆದಿತ್ಯವಾರ ನಡೆದಿತ್ತು. ಇದು ಕೊನೆಯದು.

ಹೂಳೆತ್ತುವುದಕ್ಕೆ ಊರಿನಲ್ಲಿ ಹಳೆಯ ಪದ್ಧತಿಯಿತ್ತು. ಮದಗದ ನಡುವೆ ಮಣ್ಣಿನ ಅಡ್ಡಕಟ್ಟ ಹಾಕಿ, ನೀರನ್ನೆಲ್ಲ ಒಂದು ಅರ್ಧಕ್ಕೆ ತುಂಬಿ, ಇನ್ನೊಂದು ಅರ್ಧವನ್ನು ಬರಿದು ಮಾಡಿ ಹೂಳು ತೆಗೆಯುವುದು. ಒಂದು ವರ್ಷ ಪಡುವಣ ಅರ್ಧ, ಮರುವರ್ಷ ಮೂಡಣ ಅರ್ಧ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರು ಕಾಲು ನೋಡುವವರು. ಆ ಅಜ್ಜಿಗೆ ಮೊದಲು ಅವರ ಅತ್ತೆ ನೋಡುತ್ತಿದ್ದರಂತೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಹೆಜ್ಜೆಗೆ ಹೆಜ್ಜೆ ತಾಗಿಸುತ್ತ ಅಡಿಯನ್ನೆಲ್ಲ ನಡೆದು ನೋಡುವುದು ಅವರ ಕೆಲಸ. ಹೂಳು ಕಾಲನ್ನು ಹಿಡಿಯುತ್ತದೆ, ಆವೆಮಣ್ಣು ಕಾಲನ್ನು ಜಾರಿಸುತ್ತದೆ. ಆವೆಮಣ್ಣು ತೆಳುವಾಗಿದ್ದು ಕೆಳಗೆ ಹೊಯ್ಗೆ, ಅಂದರೆ ಮರಳು, ಇದ್ದರೆ ಹಿಮ್ಮಡಿಗೆ ಬೇರೆಯೇ ರೀತಿ ತಿಳಿಯುತ್ತದೆಯಂತೆ. ಅಂಥ ಕಡೆ ಅವರು ಲಕ್ಕಿ ಗಿಡದ ಕೋಲು ನೆಡುತ್ತಿದ್ದರು. ಕೋಲಿದ್ದ ಕಡೆ ಯಾರೂ ಹಾರೆ ಇಡುವಂತಿಲ್ಲ. ಕೋಲಿಲ್ಲದ ಕಡೆ ಅಗೆಯಬಹುದು. ಪದ್ಧತಿ ಅಷ್ಟೇ. ಯಾರೂ ಯಾರನ್ನೂ ಮತ್ತೆ ಕೇಳುತ್ತಿರಲಿಲ್ಲ.

ಆ ಬೆಳಿಗ್ಗೆ ಅಜ್ಜಿ ಬಂದಾಗ ಏಳು ಗಂಟೆಗೆ ಐದು ನಿಮಿಷವಿತ್ತು. ತಂಡದವರು ಇಬ್ಬಿಬ್ಬರಂತೆ ಸಾಲಾಗಿ ನಿಂತಿದ್ದರು. ಅದು ನನ್ನ ಕ್ರಮ. ಸಾಲಿನ ಮೊದಲಿಗ ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದು ಎರಡು ತಿಂಗಳ ರಜೆಗೆ ಬಂದವನು. ಅವನ ಬಾಯಿ ಸುಮ್ಮನಿದ್ದದ್ದು ನಾನು ಕಂಡಿಲ್ಲ.

"ಮಾಸ್ಟ್ರೆ, ನಿಮ್ ಸೀಟಿ ಕೇಂಡ್ ಮದಗದ್ ಮೀನೆಲ್ಲ ಬರಾಬರ್ ಸಾಲ್ ಕಟ್ಟಿತ್ತ್ ಕಾಣಿ," ಎಂದ. "ಅಜ್ಜಿ ಒಬ್ರೇ ಬಾಕಿ."

ಅಜ್ಜಿ ಸಾಲಿನ ಪಕ್ಕದಲ್ಲಿ ನಡೆದು ನೇರ ನನ್ನ ಹತ್ತಿರ ಬಂದರು. "ಹಾಜ್ರಿ ಆಯ್ತಾ? ನಂಗ್ ಎಂತ ಬರ್ದ್ರಿ?"

"ತಡ ಅಂತ ಬರ್ದೆ."

"ಬರ್ಕಣಿ. ನಮ್ಮನಿ ಕೋಳಿಗೂ ಇವತ್ತ್ ತಡವೇ ಆಯ್ತ್. ಅದ್ರದ್ದೂ ಬರ್ಕಣಿ."

ಪಟೇಲರು ಮುಂಡುಗದ ನೆರಳಿನಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದವರು ನಕ್ಕರು. ನಾನು ನಗಲಿಲ್ಲ. ಪುಸ್ತಕ ಮುಚ್ಚಿ ಸೀಟಿ ಊದಿದೆ.

ಹಿಂದಿನ ಎರಡು ವಾರ ಮೂಡಣ ಅರ್ಧದ ಬಡಗು ಬದಿ ಮುಗಿದಿತ್ತು. ನಾನು ನಾಲ್ಕು ಅಡಿ ಉದ್ದದ ಅಡಿಕೆ ಮರದ ಸಲಾಕೆ ಮಾಡಿಸಿ, ಇಂಚಿಗೊಂದು ಗೀರು ಹಾಕಿಸಿ ಇಟ್ಟುಕೊಂಡಿದ್ದೆ. ದಂಡೆಯಿಂದ ದಂಡೆಗೆ ಹಗ್ಗ ಕಟ್ಟಿ, ಹಗ್ಗದಿಂದ ಕೆಳಗೆ ಸಲಾಕೆ ಇಳಿಸಿ ಆಳ ನೋಡುವುದು. ಅಗೆದ ಕಡೆ ಅಂಚು ಚಾಕುವಿನಿಂದ ಕೊರೆದಂತೆ ನೇರ. ಹಾಗೆ ಮದಗ ತೋಡಿದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಪಡುವಣ ಅರ್ಧದ ನೀರಿನಲ್ಲಿ ಇನ್ನೊಂದು ಕೋಲು ನೆಟ್ಟು, ಬೆರಳಿಗೊಂದು ಗೀರು ಹಾಕಿ, ಎರಡು ಗಂಟೆಗೊಮ್ಮೆ ನೀರಿನ ಮಟ್ಟವನ್ನೂ ಬರೆಯುತ್ತಿದ್ದೆ. ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ಮಟ್ಟ ಒಂದೇ ಇತ್ತು.

ಹತ್ತು ಗಂಟೆಗೆ ಅಜ್ಜಿ ನನ್ನನ್ನು ಕರೆದರು. ಅವರು ನಿಂತಿದ್ದದ್ದು ಅಡ್ಡಕಟ್ಟವು ತೆಂಕು ದಂಡೆಯನ್ನು ಸೇರುವ ಮೂಲೆಯಲ್ಲಿ. ಉಳಿದವರೆಲ್ಲ ಬಡಗು ಬದಿಯ ಅಂಚು ಸರಿಮಾಡುತ್ತ ದೂರವಿದ್ದರು. ಅಜ್ಜಿಯ ಕಂಕುಳಲ್ಲಿ ಲಕ್ಕಿ ಕೋಲಿನ ಕಟ್ಟಿತ್ತು.

"ಮಾಸ್ಟ್ರೆ, ಈ ಮೂಲಿಗ್ ಹಾರಿ ಮುಟ್ಸುಕಾಗ."

"ಎಂತಕ್?"

"ಇಲ್ಲಿ ಅಡಿ ತೆಳು ಇತ್ತ್. ನಮ್ಮತ್ತಿ ಕಾಲ್ದಾಗೂ ಇಲ್ಲಿ ಮುಟ್ಸ್ತಿರ್ಲಿಲ್ಲ."

"ಎಷ್ಟ್ ತೆಳು? ಒಂದಡಿಯಾ, ಅರ್ಧ ಅಡಿಯಾ?"

"ಅದ್ ನಿಮ್ ಕೋಲಿನ್ ಹತ್ರ ಕೇಣಿ. ನನ್ ಕಾಲಿಗ್ ಲೆಕ್ಕ ಬತ್ತಿಲ್ಲೆ."

ಸಲಾಕೆ ಇಳಿಸಿ ನೋಡಿದೆ. ಎರಡು ಅಡಿ ಮೂರು ಇಂಚು. ಅರ್ಜಿಯಲ್ಲಿ ನಾಲ್ಕು ಎಂದು ಬರೆದಿದ್ದೆ. ನಾಳೆ ಇನ್ಸ್‌ಪೆಕ್ಟರು ಮದಗಕ್ಕೆ ಇಳಿಯುವ ದಾರಿಯೂ ಇದೇ ಮೂಲೆಯ ಪಕ್ಕದಲ್ಲಿತ್ತು. ಮೊದಲು ಕಣ್ಣಿಗೆ ಬೀಳುವುದೇ ಎದ್ದು ನಿಂತ ಮಣ್ಣಿನ ದಿಬ್ಬ. ಹಾಗೆಂದು ಅಜ್ಜಿಗೆ ಹೇಳಿದೆ. ಅರ್ಜಿಯಲ್ಲಿ ಬರೆದದ್ದನ್ನೂ ಹೇಳಿದೆ.

"ಬರ್ದದ್ದ್ ಯಾರ್, ಮದಗವಾ?" ಎಂದು ಕೇಳಿ, ಅಜ್ಜಿ ಬಗ್ಗಿ ಕೋಲು ನೆಡತೊಡಗಿದರು. ಹನ್ನೊಂದು ಕೋಲು, ಮೂಲೆಯ ಸುತ್ತ ಕಮಾನಿನಂತೆ. ಒಂದೂ ಇನ್ನೊಂದರ ಸಾಲಿನಲ್ಲಿರಲಿಲ್ಲ. ನನಗೆ ಆ ಮಾತಿಗಿಂತ ಆ ಸೊಟ್ಟ ಸಾಲು ಹೆಚ್ಚು ಚುಚ್ಚಿತು. ಇದನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಹನ್ನೆರಡಕ್ಕೆ ಗಂಜಿಯ ಸೀಟಿ ಊದಿದೆ. ಪಟೇಲರ ಮನೆಯಿಂದ ಹಂಡೆಯಲ್ಲಿ ಗಂಜಿ ಬಂದಿತ್ತು. ಎಲ್ಲರೂ ಮುಂಡುಗದ ಆಚೆ ನೆರಳಿಗೆ ಹೋದರು. "ಕರಿಗ್ ನೀರಿಟ್ಟ್ ಬತ್ತೆ," ಎಂದು ಅಜ್ಜಿ ಕರುವನ್ನು ನೋಡಲು ಬೈಲಿನಾಚೆಯ ಮನೆಗೆ ಹೋದರು. ಬರಿದಾದ ಮೂಡಣ ಅರ್ಧದಲ್ಲಿ ನಾನೊಬ್ಬನೇ ಉಳಿದೆ.

ಹನ್ನೊಂದು ಕೋಲನ್ನೂ ಕಿತ್ತೆ. ಅವಸರವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅಜ್ಜಿ ಬರುವುದರೊಳಗೆ ನಾಲ್ಕು ಅಡಿ ಮುಗಿದಿರುತ್ತದೆ, ಏನೂ ಆಗಿರುವುದಿಲ್ಲ, ಆಗ ಅವರೂ ಒಪ್ಪುತ್ತಾರೆ ಎಂದುಕೊಂಡಿದ್ದೆ. ವಸ್ತುವನ್ನು ಎಸೆಯುವ ಅಭ್ಯಾಸ ನನಗಿಲ್ಲ. ಕೋಲುಗಳನ್ನು ಒಂದೇ ಉದ್ದಕ್ಕೆ ಜೋಡಿಸಿ, ತೆಂಗಿನ ನಾರಿನಿಂದ ಎರಡು ಕಡೆ ಕಟ್ಟಿ, ದಂಡೆಯ ಮೇಲೆ ಹಾರೆ ಪಿಕಾಸಿಗಳ ಸಾಲಿನ ಕೊನೆಯಲ್ಲಿಟ್ಟೆ. ಆಮೇಲೆ ಹೋಗಿ ಗಂಜಿ ಉಂಡೆ.

ಹನ್ನೆರಡು ನಲವತ್ತಕ್ಕೆ ಸೀಟಿ. ಆರು ಜನರನ್ನು ತೆಂಕು ಮೂಲೆಗೆ ಹಾಕಿದೆ. ಕೋಲಿರಲಿಲ್ಲವಾದ್ದರಿಂದ ಯಾರೂ ಏನೂ ಕೇಳಲಿಲ್ಲ. ಬೊಂಬಾಯಿಯವನು ಪಿಕಾಸಿ ಹೊಡೆಯುತ್ತ ಹಾಡು ಗುನುಗುತ್ತಿದ್ದ. ಮೊದಲು ಕಪ್ಪು ಹೂಳು, ಆಮೇಲೆ ನೀಲಿ ಬೂದು ಬಣ್ಣದ ಆವೆಮಣ್ಣು. ಬೆಣ್ಣೆಯಂತೆ ಕತ್ತರಿಸಿ ಬರುತ್ತಿತ್ತು. ಅದನ್ನು ದಂಡೆಯ ಮೇಲೆ ಬೇರೆ ರಾಶಿ ಹಾಕಿಸಿದೆ. ಎರಡು ಗಂಟೆಗೆ ಮೂಲೆ ನಾಲ್ಕು ಅಡಿಗೆ ಬಂತು. ಸಲಾಕೆ ಇಳಿಸಿ ನೋಡಿ ಸಂತೋಷಪಟ್ಟೆ. ಆಮೇಲೆ ಪಡುವಣ ಅರ್ಧಕ್ಕೆ ಹೋಗಿ ನೀರಿನ ಕೋಲು ನೋಡಿದೆ. ಎರಡು ಬೆರಳು ಇಳಿದಿತ್ತು.

ಬಿಸಿಲಿಗೆ ಆರಿರಬೇಕು ಎಂದುಕೊಂಡೆ. ಹಾಗೆಂದೇ ಪುಸ್ತಕದಲ್ಲಿ ಬರೆದೆ. ಇಡೀ ಹಗಲಿನ ಬಿಸಿಲಿಗೆ ಅರ್ಧ ಬೆರಳೂ ಇಳಿಯದ ನೀರು ಎರಡು ಗಂಟೆಯಲ್ಲಿ ಎರಡು ಬೆರಳು ಹೇಗೆ ಆರುತ್ತದೆ ಎಂದು ಶಾಲೆಯಲ್ಲಿ ಲೆಕ್ಕ ಕಲಿಸುವ ನಾನು ಯೋಚಿಸಲಿಲ್ಲ. ಯೋಚಿಸಲು ಮನಸ್ಸಿರಲಿಲ್ಲ ಎಂಬುದು ಸರಿಯಾದ ಮಾತು.

ಎರಡೂವರೆಗೆ ಕಾರ್ಖಾನೆಯ ಗುಮಾಸ್ತರು ಬಂದರು. ನಾಳೆ ತಮ್ಮ ಕಡೆಯವರೂ ಬರಬೇಕಾದ್ದರಿಂದ ಇಂದು ಜಾಗ ನೋಡಿಹೋಗಲು ಬಂದವರು. ಮರ್ಯಾದೆಯ ಮನುಷ್ಯ. ಸೈಕಲ್ಲನ್ನು ದಂಡೆಗೆ ಒರಗಿಸಿ, ಆವೆಮಣ್ಣಿನ ರಾಶಿಯಿಂದ ಒಂದು ಉಂಡೆ ತೆಗೆದು ಬೆರಳುಗಳ ನಡುವೆ ಹೊಸೆದು ನೋಡಿದರು.

"ಮಣ್ಣ್ ಬಾರೀ ಲಾಯ್ಕಿತ್ತ್," ಎಂದರು. "ನಮ್ಮಾಳ್ಗಳ ಅರ್ಧ ಕೆಲ್ಸ ನೀವೇ ಮಾಡಿಟ್ರಿ, ಮಾಸ್ಟ್ರೆ."

"ನಾಳೆ ಇನ್ಸ್‌ಪೆಕ್ಟ್ರ್ ಬಪ್ಪತಿಗೆ ಇದೆಲ್ಲ ಕಟ್ಟಕ್ಕೆ ಹೋತ್ತ್," ಎಂದೆ.

ಅವರು ಮೂಲೆಯ ಗುಂಡಿಗೆ ಬಗ್ಗಿ ನೋಡಿದರು. ನಗು ಹೋಯಿತು. ಅವರೂ ಮಣ್ಣಿನ ಜೊತೆ ಬಾಳಿದವರು. "ಹೊಯ್ಗೆ ಬಂತಲ್ಲ ಮರ್ರೆ," ಎಂದು ಮೆಲ್ಲನೆ ಹೇಳಿದರು. "ನೀರ್ ಕಾಣಿ, ಎಲ್ಲಿಗ್ ಹೋತಿತ್ತ್ ಅಂದೇಳಿ."

ನೋಡಿದೆ. ಗುಂಡಿಯ ತಳದಲ್ಲಿ ಅಂಗೈಯಷ್ಟು ಅಗಲ ಬಿಳಿ ಹೊಯ್ಗೆ ಕಾಣುತ್ತಿತ್ತು. ಅಡ್ಡಕಟ್ಟದ ಬುಡದಿಂದ ಪಡುವಣ ನೀರು ದಾರದಂತೆ ನಾಲ್ಕೈದು ಕಡೆ ಒಸರಿ ಬಂದು ಆ ಬಿಳಿಯಲ್ಲಿ ಇಳಿದು ಕಾಣೆಯಾಗುತ್ತಿತ್ತು. ಸದ್ದಿಲ್ಲ, ಗುಳ್ಳೆಯಿಲ್ಲ. ಓಡಿಹೋಗಿ ನೀರಿನ ಕೋಲು ನೋಡಿದೆ. ನಾಲ್ಕು ಬೆರಳು.

ಮೂರು ಸಲ ಸೀಟಿ ಊದಿದೆ. ಕೆಲಸ ನಿಂತಿತು. ಎಲ್ಲರೂ ಮೂಲೆಯ ಸುತ್ತ ಬಂದು ನಿಂತರು. ಹೇಳುವವರಿಲ್ಲದೆಯೇ ಎಲ್ಲರಿಗೂ ತಿಳಿಯಿತು. ಹೀಗೇ ಇಳಿದರೆ ನಾಳೆ ಒಂಬತ್ತಕ್ಕೆ ಇನ್ಸ್‌ಪೆಕ್ಟರಿಗೆ ತೋರಿಸಲು ಕೆಸರು ಮಾತ್ರ ಇರುತ್ತದೆ. ಕೊಳಕೆಗೆ ನೀರಿಲ್ಲ, ಮದಗವೂ ಇಲ್ಲ. ಗುಮಾಸ್ತರು ಸೈಕಲ್ ತೆಗೆದುಕೊಂಡು ಹೋದರು. ಹೋಗುವ ಮೊದಲು ಕೈಯಲ್ಲಿದ್ದ ಮಣ್ಣಿನ ಉಂಡೆಯನ್ನು ರಾಶಿಗೇ ಮರಳಿ ಹಾಕಿದರು, ಅಷ್ಟು ಸಭ್ಯತೆ ಅವರಲ್ಲಿತ್ತು.

ಆ ಹೊತ್ತಿಗೆ ಅಜ್ಜಿ ಬಂದರು. ಜನ ದಾರಿ ಬಿಟ್ಟರು. ಅವರು ಗುಂಡಿಗಿಳಿದು ಬಲಗಾಲಿನ ಹಿಮ್ಮಡಿಯನ್ನು ಹೊಯ್ಗೆಯ ಮೇಲೆ ಊರಿದರು, ತೆಗೆದರು. ಸುತ್ತ ನೋಡಿದರು. ಕೋಲು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಪಟೇಲರು ದಂಡೆಯ ಮೇಲಿನಿಂದ ಕೇಳಿದರು, "ಎಂತ ಅಜ್ಜಿ, ಇಲ್ಲಿ ಕೋಲ್ ಹಾಕ್ಲಿಲ್ಯಾ ನೀನ್?"

ಅಜ್ಜಿಯ ಕಣ್ಣು ಹಾರೆಗಳ ಸಾಲಿನ ಮೇಲೆ ಹೋಯಿತು. ಸಾಲಿನ ಕೊನೆಯಲ್ಲಿ ನಾರಿನಿಂದ ಎರಡು ಕಡೆ ಕಟ್ಟಿದ ಲಕ್ಕಿ ಕೋಲುಗಳು. ನಮ್ಮ ಊರಿನಲ್ಲಿ ಹಾಗೆ ಕಟ್ಟುವವನು ಒಬ್ಬನೇ. ಅಜ್ಜಿ ನನ್ನ ಮುಖ ನೋಡಿದರು. ನಾನು ಪುಸ್ತಕ ತೆರೆದು, ಬರೆಯಲು ಏನೋ ಇರುವವನಂತೆ ಪೆನ್ಸಿಲಿನ ಮೊನೆ ನೋಡಿದೆ.

ಆ ದಿನದಲ್ಲಿ ನಾನು ಗಡಿಯಾರ ನೋಡದ ಹೊತ್ತು ಅದೊಂದೇ.

"ಇಲ್ಲೆ ಪಟೇಲ್ರೆ," ಎಂದರು ಅಜ್ಜಿ. "ಮರ್ತ್ ಹೋಯ್ತ್. ಪ್ರಾಯ ಆಯ್ತಲ್ದಾ."

"ಅಜ್ಜಿ ಕಾಲಿಗೂ ಒಂದ್ ಕನ್ನಡ್ಕ ಬೇಕಾಯ್ತ್ ಕಾಂತ್," ಎಂದ ಬೊಂಬಾಯಿಯವನು. "ನಾನ್ ಬೊಂಬಾಯಿಂದ ಕಳ್ಸ್ತೆ, ಎರಡ್ ಗಾಜಿಂದ್."

ಹೆದರಿ ನಿಂತಿದ್ದ ಜನಕ್ಕೆ ನಗಲು ಏನಾದರೂ ಬೇಕಾಗಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಜ್ಜಿ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನಗುದ್ ಆದ್ರೆ ಮಣ್ ತನ್ನಿ," ಎಂದರು. "ನೀಲಿ ಮಣ್ಣೇ ಬೇಕ್. ಹೂಳ್ ಬೆರ್ಸುಕಾಗ. ಒಂದ್ ಚೂರ್ ಬೇರ್ ಸಿಕ್ರೂ ಹೆಕ್ಕಿ ಬಿಸಾಡಿ." ಅಲ್ಲಿಂದ ಮುಂದೆ ಕೆಲಸ ಅವರದು. ನನ್ನ ಸೀಟಿ ಸಂಜೆಯವರೆಗೆ ಕಿಸೆಯಲ್ಲೇ ಉಳಿಯಿತು. ರಾಶಿ ಹಾಕಿದ್ದ ಆವೆಮಣ್ಣನ್ನು ಹೆಡಗೆಗಳಲ್ಲಿ ತಂದು, ನೀರು ಚಿಮುಕಿಸಿ, ಗುಂಡಿಯಲ್ಲಿ ಗೇಣೆತ್ತರ ಹರಡಿ ಕಾಲಿನಿಂದ ಮೆಟ್ಟಬೇಕು. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು.

"ಯಾರ್ ಮೆಟ್ಟುದ್?" ಎಂದು ಯಾರೋ ಕೇಳಿದರು.

"ಮಾಸ್ಟ್ರ್ ಮೆಟ್ಲಿ," ಎಂದರು ಅಜ್ಜಿ. "ಅವ್ರಿಗ್ ಡ್ರಿಲ್ ಅಭ್ಯಾಸ ಇತ್ತ್."

ಪಂಚೆ ಎತ್ತಿ ಕಟ್ಟಿ ಗುಂಡಿಗಿಳಿದೆ. ಜೊತೆಗೆ ಇನ್ನಿಬ್ಬರು ಇಳಿದರು, ಆದರೆ ಅಡ್ಡಕಟ್ಟದ ಬುಡದ ಇಕ್ಕಟ್ಟಿನಲ್ಲಿ ನನ್ನೊಬ್ಬನಿಗೇ ಜಾಗ. ಎಡ ಬಲ, ಎಡ ಬಲ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವ ಲೆಕ್ಕದಲ್ಲಿ ಮೆಟ್ಟತೊಡಗಿದೆ. ಒಂದು ಪದರವಾದ ಮೇಲೆ ಅಜ್ಜಿ ಬಂದು ಹಿಮ್ಮಡಿ ಊರಿದರು.

"ಆತಿಲ್ಲೆ. ನೀವ್ ಮಣ್ಣಿನ್ ಮೇಲ್ ನಡಿತ್ರಿ. ಮಣ್ಣಿನ್ ಒಳ್ಗ್ ನಡಿಕ್."

ಮತ್ತೆ ಮೆಟ್ಟಿದೆ. ಮತ್ತೆ ಆತಿಲ್ಲೆ ಎಂದರು. ಮೂರನೆಯ ಸಲಕ್ಕೆ ಲೆಕ್ಕ ತಪ್ಪಿತ್ತು. ಲೆಕ್ಕ ತಪ್ಪಿದ ಮೇಲೆ ಕಾಲಿಗೆ ಏನೋ ತಿಳಿಯತೊಡಗಿತು. ಎಲ್ಲಿ ಮಣ್ಣು ಇನ್ನೂ ಬಾಯಿ ಬಿಟ್ಟಿದೆ, ಎಲ್ಲಿ ಮುಚ್ಚಿಕೊಂಡಿದೆ ಎಂದು. ಈ ಸಲ ಅಜ್ಜಿ ಹಿಮ್ಮಡಿ ಊರಿ, ಮುಂದಿನ ಪದರದ ಮಣ್ಣಿಗೆ ಕೈ ಮಾಡಿದರು. ಅದೇ ಒಪ್ಪಿಗೆ.

ಉಳಿದಿಬ್ಬರು ಮಣ್ಣು ತರಲು ಮೇಲೆ ಹತ್ತಿದಾಗ ನಾನು ಬಾಯಿ ತೆರೆದೆ. "ಅಜ್ಜಿ, ಕೋಲ್ ನಾನೇ..."

"ಗೊತ್ತಿತ್ತ್."

"ಪಟೇಲ್ರಿಗ್ ಹೇಳ್ತೆ ಈಗ್ಲೇ."

"ಬ್ಯಾಡ." ಅವರು ದನಿ ಎತ್ತಲಿಲ್ಲ. "ನಾಳೆ ಆ ಇನ್ಸ್‌ಪೆಕ್ಟ್ರ್ ಎದ್ರ್ ನಿಂತ್ ಮಾತಾಡುಕೆ ನಿಮ್ ಬಾಯ್ ಬೇಕ್. ಇವತ್ತ್ ನಿಮ್ ಮುಖ ಹಾಳಾದ್ರೆ ನಾಳೆ ನಿಮ್ ಹಿಂದ್ ಯಾರ್ ನಿಲ್ತ್ರ್? ನನ್ ಕಾಲ್ ನಾಳೆ ಯಾರಿಗೂ ಬ್ಯಾಡ."

"ನಾಡ್ದ್ ಹೇಳ್ತೆ ಹಾಂಗಾರೆ."

"ಹೇಳಿ," ಎಂದು ಅವರು ನನ್ನ ಕಾಲಿನ ಹತ್ತಿರದ ಮಣ್ಣಿನಿಂದ ಬೇರಿನ ಒಂದು ಚೂರು ಹೆಕ್ಕಿ ದಂಡೆಯಾಚೆ ಎಸೆದರು. "ಈಗ ಮೆಟ್ಟಿ."

ನಾಡಿದ್ದು ಹೇಳಲಿಲ್ಲ. ಸೋಮವಾರ ಒಂಬತ್ತಕ್ಕೆ ಇನ್ಸ್‌ಪೆಕ್ಟರು ಬಂದರು, ನೀರು ಕಂಡರು, ನೇರ ಅಂಚುಗಳನ್ನು ಮೆಚ್ಚಿದರು, ತೆಂಕು ಮೂಲೆಯ ಆಳವನ್ನು ಕೇಳಲೇ ಇಲ್ಲ, ಊರಿನ ಪರವಾಗಿ ಬರೆದರು. ಮಂಗಳವಾರ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಹೊಗಳುವವರ ನಡುವೆ ಹೇಳುವುದು ಹೇಗೆ ಎಂದು ಬುಧವಾರಕ್ಕೆ ಮುಂದೂಡಿದೆ. ಕೊಳಕೆಗೆ ಒಂದು ಸಲ ಎಲ್ಲರಿಗೂ ನೀರು ಸಿಕ್ಕಿತು. ಎರಡನೆಯ ಸಲ ಕಡೆಯ ಎರಡು ಗದ್ದೆಗೆ ಮುಟ್ಟಲಿಲ್ಲ. ಒಂದು ಪಟೇಲರದು, ಅವರಿಗೆ ಬೇರೆ ಗದ್ದೆಗಳಿದ್ದವು. ಇನ್ನೊಂದು ಅಜ್ಜಿಯದು. ಆ ಮಳೆಗಾಲ ಅವರ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದು ನಾನು ನೋಡಲು ಹೋಗಲಿಲ್ಲ.

ಮರುವರ್ಷ ಪಡುವಣ ಅರ್ಧ ತೆಗೆಯುವಾಗ ಯಾರೂ ಅವರನ್ನು ಕರೆಯಲಿಲ್ಲ. ಮಾಸ್ಟ್ರ ಸಲಾಕೆ ಇದೆಯಲ್ಲ ಎಂದರು. ನಾನು ಹಿಂದಿನ ಸಂಜೆ ಯಾರಿಗೂ ಕಾಣದಂತೆ ಗದ್ದೆಯ ದಾರಿಯಿಂದ ಅವರ ಮನೆಗೆ ಹೋಗಿ, ಎಲ್ಲಿ ನಿಲ್ಲಿಸಬೇಕೆಂದು ಕೇಳಿದೆ. ಅವರು ಹೊಸಿಲಲ್ಲಿ ಕುಳಿತು ತೆಂಗಿನ ಗರಿ ಹೆಣೆಯುತ್ತಿದ್ದರು. ಕೈ ನಿಲ್ಲಿಸದೆ ಪಡುವಣ ಅರ್ಧವನ್ನೆಲ್ಲ ಮೂಲೆ ಮೂಲೆಯಾಗಿ ಹೇಳಿದರು. "ಬಡ್ಗ್ ಬದಿಯಂಗೆ ಮೂರ್ ಅಡಿಗ್ ಸಾಕ್ ಅಂತ ನಿಮ್ ಕೋಲಿಗ್ ಹೇಳಿ," ಎಂದರು. ಮಾರನೆಯ ದಿನ ನಾನು ಸಲಾಕೆ ಇಳಿಸಿ, ಗೀರು ಎಣಿಸುವವನಂತೆ ನಟಿಸಿ, ಬಡಗು ಬದಿ ಮೂರು ಅಡಿಗೆ ಸಾಕು ಎಂದೆ. ಮಾಸ್ಟ್ರ ಕೋಲು ತಪ್ಪುವುದಿಲ್ಲ ಎಂದು ಜನ ಹೇಳಿದರು. ಹಾಗೆ ನಾಲ್ಕು ವರ್ಷ ನಡೆಯಿತು. ಐದನೆಯ ವರ್ಷ ಅಜ್ಜಿ ಇರಲಿಲ್ಲ.

ಆ ಆದಿತ್ಯವಾರಕ್ಕೆ ಮರಳುತ್ತೇನೆ. ಐದು ಗಂಟೆಗೆ ಕೊನೆಯ ಪದರ ಮುಗಿಯಿತು. ಅಡ್ಡಕಟ್ಟದ ಬುಡ ಒಣಗಿತ್ತು. ನೀರಿನ ಕೋಲು ನೋಡಿದೆ. ಒಟ್ಟು ಒಂಬತ್ತು ಬೆರಳು ಇಳಿದಿತ್ತು. ಐದೂವರೆಗೆ ನೋಡಿದೆ. ಒಂಬತ್ತೇ. ಐದು ಮುಕ್ಕಾಲಿಗೆ ಪಟೇಲರೂ ಬಂದು ನೋಡಿದರು. ಒಂಬತ್ತೇ. "ನಿತ್ತ್," ಎಂದರು ಅವರು. ಬೊಂಬಾಯಿಯವನು ಕೆಸರಿನಲ್ಲೇ ಅಂಗಾತ ಮಲಗಿ ಆಕಾಶ ನೋಡಿದ.

ಹಾರೆ ಪಿಕಾಸಿಗಳನ್ನು ತೊಳೆಸಿ ಎಣಿಸಿದೆ. ಸರಿಯಿದ್ದವು. ಲಕ್ಕಿ ಕೋಲಿನ ಕಟ್ಟು ಸಾಲಿನಲ್ಲಿರಲಿಲ್ಲ. ಅಜ್ಜಿ ಅದನ್ನು ಬಿಚ್ಚಿ ತೆಂಕು ಮೂಲೆಯ ಸುತ್ತ ಮತ್ತೆ ನೆಟ್ಟಿದ್ದರು, ಬೆಳಿಗ್ಗೆಯಂತೆಯೇ ಸೊಟ್ಟಗೆ.

ದಿನದ ಕೊನೆಗೆ ವರದಿ ಬರೆದು, ಎಲ್ಲರೆದುರು ಓದಿ, ಹಾಜರಿದ್ದವರ ಸಹಿ ಹಾಕಿಸುವುದು ನಾನು ಮಾಡಿದ ನಿಯಮ. ಅಕ್ಷರ ಬಾರದವರ ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯೂ ನನ್ನ ಚೀಲದಲ್ಲಿರುತ್ತಿತ್ತು. ಬೆಳಕು ಇನ್ನೂ ಚೆನ್ನಾಗಿತ್ತು. ಅಡ್ಡಕಟ್ಟದ ಮೇಲೆ ಕುಳಿತು ಬರೆದೆ. ಅಜ್ಜಿ ಬೇಡವೆಂದದ್ದು ಪಟೇಲರಿಗೆ ಹೇಳುವುದನ್ನು. ಪುಸ್ತಕದಲ್ಲಿ ಏನು ಬರೆಯಬೇಕೆಂದು ಅವರು ಹೇಳಿರಲಿಲ್ಲ. ಮೂಲೆ ತೂತಾಯಿತು, ಮುಚ್ಚಲಾಯಿತು ಎಂದಷ್ಟೇ ಬರೆದು ನಿಲ್ಲಿಸಬಹುದಾಗಿತ್ತು. ಆದರೆ ಕಾರಣವಿಲ್ಲದ ವರದಿ ಅಪೂರ್ಣ ಎಂದು ನಮಗೆ ಕಲಿಸಿದ್ದರು. ಕಾರಣ ಬರೆದೆ: 'ಕಾಲು ನೋಡುವ ಮುದುಕಿಯು ಪ್ರಾಯದ ಮರೆವಿನಿಂದ ತೆಂಕು ಮೂಲೆಯಲ್ಲಿ ಗುರುತು ಹಾಕದೆ ಬಿಟ್ಟದ್ದರಿಂದ ಅಲ್ಲಿ ಅಡಿ ಒಡೆದು ಒಂಬತ್ತು ಬೆರಳು ನೀರು ನಷ್ಟವಾಯಿತು. ಮುಖ್ಯಸ್ಥರ ಸಮಯಪ್ರಜ್ಞೆಯಿಂದ ದುರಸ್ತಿಯಾಯಿತು.'

ಎದ್ದು ನಿಂತು ಓದಿದೆ. ಸಹಿ ಬಲ್ಲವರು ಒಬ್ಬೊಬ್ಬರಾಗಿ ಸಹಿ ಹಾಕಿದರು. ಉಳಿದವರು ಹೆಬ್ಬೆಟ್ಟು ಒತ್ತಿದರು. ಕೊನೆಗೆ ಅಜ್ಜಿಯ ಹೆಸರು, ಬೆಳಿಗ್ಗೆ ತಡವಾಗಿ ಬಂದವರದ್ದು ಕೆಳಗೆ ಇರುತ್ತಿತ್ತು. ಅವರು ಓದಿದ್ದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದರು. ಕರೆಯುವ ಮೊದಲೇ ಬಲಗೈ ಸೀರೆಯ ಸೆರಗಿಗೆ ಒರೆಸಿ ಮುಂದೆ ಚಾಚಿದರು.

ಅವರ ಹೆಬ್ಬೆರಳಿನ ಗೆರೆಗಳಲ್ಲಿ ಆವೆಮಣ್ಣು ಕೂತಿತ್ತು. ಹಾಗೇ ಒತ್ತಿದರೆ ಗುರುತು ಮೂಡುವುದಿಲ್ಲ. ನನ್ನ ಕರವಸ್ತ್ರವನ್ನು ಮದಗದ ನೀರಿನಲ್ಲಿ ಅದ್ದಿ ಬೆರಳನ್ನು ಚೊಕ್ಕಟವಾಗಿ ಒರೆಸಿದೆ, ಆರಲು ಬಿಟ್ಟೆ, ಮಸಿ ಹಚ್ಚಿದೆ, ಬೆರಳು ಹಿಡಿದು ಅವರ ಹೆಸರಿನ ಮುಂದಿನ ಚೌಕದಲ್ಲಿ ಎಡದಿಂದ ಬಲಕ್ಕೆ ಉರುಳಿಸಿ ಒತ್ತಿದೆ. ಗುರುತು ಸ್ಪಷ್ಟವಾಗಿ ಮೂಡಿತು. ಪುಸ್ತಕ ಮುಚ್ಚಿ, ಡಬ್ಬಿಯ ಮುಚ್ಚಳ ಹಾಕಿ, ಎರಡನ್ನೂ ಚೀಲದಲ್ಲಿಟ್ಟು, ಸೀಟಿ ಊದಿ ತಂಡವನ್ನು ಬಿಟ್ಟೆ. ಸಂಜೆ ಆರು ಗಂಟೆ ಹತ್ತು ನಿಮಿಷ.